ಕರಿನೀರಿನ ಸೆರೆಮನೆ ಮತ್ತು ಒಬ್ಬ ಪಂಜಾಬಿ ಕವಿ

ಪೋರ್ಟ್ ಬ್ಲೇರ್ ನಗರದ ಕಡಲಂಚಿನ ದಿಬ್ಬದ ಮೇಲಿರುವ ಸೆಲ್ಯುಲರ್ ಜೈಲಿನ ನಿರ್ಮಾಣ 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿಯಿತು. ನಡುಗೋಪುರದಿಂದ ಬಂಡಿಯ ಗಾಲಿಯ ಅರಗಳಂತೆ ಚಾಚಿದ ಏಳು ಸಾಲುಗಳು. ಒಂದು ಸಾಲಿನ ಕೋಣೆಗಳ ಮುಖ ಮತ್ತೊಂದು ಸಾಲಿನ ಬೆನ್ನಿಗೆ. ಕೈದಿಗೆ ಕೈದಿಯ ಮುಖ ಕಾಣಬಾರದೆಂಬುದೇ ಈ ವಿನ್ಯಾಸದ ಉದ್ದೇಶ. ಇಂದು ಮೂರು ಸಾಲುಗಳಷ್ಟೇ ಉಳಿದಿವೆ. 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಇದನ್ನು ರಾಷ್ಟ್ರೀಯ ಸ್ಮಾರಕವಾಗಿ ರಾಷ್ಟ್ರಕ್ಕೆ ಸಮರ್ಪಿಸಿದರು.

ಸಂದರ್ಶಕರು ಮೊದಲು ಅರಸುವುದು ಸಾವರ್ಕರರ ಕೋಣೆಯನ್ನು. ಬಾರೀಂದ್ರಕುಮಾರ ಘೋಷ್, ಉಲ್ಲಾಸಕರ ದತ್ತ ಮೊದಲಾದವರ ಹೆಸರುಗಳೂ, ಎಣ್ಣೆ ಗಾಣದ ದುಡಿಮೆಯ ಕಥೆಯೂ ಎಲ್ಲರಿಗೂ ಪರಿಚಿತ. 1933ರ ಉಪವಾಸ ಸತ್ಯಾಗ್ರಹದಲ್ಲಿ ಮಹಾವೀರ ಸಿಂಗ್, ಮೋಹನಕಿಶೋರ ನಾಮದಾಸ್, ಮೋಹಿತ ಮೈತ್ರ ಮಡಿದರು. 1938ರ ಆರಂಭದ ಹೊತ್ತಿಗೆ ರಾಜಕೀಯ ಕೈದಿಗಳೆಲ್ಲ ಮುಖ್ಯಭೂಮಿಗೆ ಮರಳಿದರು. ಈ ಸೆರೆಮನೆಯ ಚರಿತ್ರೆಯನ್ನು ಅಲ್ಲಿಗೇ ನಿಲ್ಲಿಸುವುದು ರೂಢಿ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ.

ಅದೇ 1938ರಲ್ಲಿ ಪಂಜಾಬಿಯಲ್ಲಿ ‘ವಗದೇ ಪಾಣಿ’ (ಹರಿಯುವ ನೀರು) ಎಂಬ ಕವನಸಂಕಲನ ಪ್ರಕಟವಾಯಿತು. ಕವಿ ದಿವಾನ್ ಸಿಂಗ್ ವೃತ್ತಿಯಿಂದ ವೈದ್ಯರು. 1927ರಲ್ಲಿ ವರ್ಗವಾಗಿ ಅಂಡಮಾನಿಗೆ ಬಂದವರು, ಕೈದಿಯಾಗಿ ಅಲ್ಲ. ಆದರೂ ‘ಕಾಲೇಪಾನಿ’ ಎಂಬುದನ್ನೇ ಕಾವ್ಯನಾಮ ಮಾಡಿಕೊಂಡರು. ಕನ್ನಡದಲ್ಲಿ ನಾವು ‘ಕರಿನೀರು’ ಎನ್ನುವುದೂ ಇದನ್ನೇ. ಹೆಸರಿನಲ್ಲಿ ಗಡೀಪಾರಿನ ನೀರು, ಕೃತಿಯಲ್ಲಿ ಹರಿಯುವ ನೀರು: ಪಂಜಾಬಿ ಮುಕ್ತಛಂದದ ಆದ್ಯರಲ್ಲಿ ಒಬ್ಬರಾದ ಅವರ ಕಾವ್ಯವನ್ನು ಪ್ರವೇಶಿಸಲು ಈ ವೈದೃಶ್ಯವೇ ಸಾಕು.

1942ರ ಮಾರ್ಚಿಯಲ್ಲಿ ದ್ವೀಪಗಳು ಜಪಾನೀಯರ ವಶವಾದವು. ಬ್ರಿಟಿಷರು ಕಟ್ಟಿದ ಕೋಣೆಗಳಿಗೆ ಹೊಸ ಒಡೆಯರು ಬಂದರು. ಗೂಢಚಾರಿಕೆಯ ಆರೋಪದ ಮೇಲೆ ಒಳಗೆ ಬಿದ್ದವರು ಮಾತ್ರ ಮತ್ತೆ ಭಾರತೀಯರೇ. 1943ರ ಅಕ್ಟೋಬರಿನಲ್ಲಿ ದಿವಾನ್ ಸಿಂಗರ ಬಂಧನವಾಯಿತು. ಡಿಸೆಂಬರ್ 30ರಂದು ನೇತಾಜಿ ಸುಭಾಷಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದಾಗ ಈ ಕವಿ ಸೆಲ್ಯುಲರ್ ಜೈಲಿನಲ್ಲಿ ಚಿತ್ರಹಿಂಸೆಗೆ ಗುರಿಯಾಗಿದ್ದರು. 1944ರ ಜನವರಿ 14ರಂದು ಅಲ್ಲಿಯೇ ಮೃತಪಟ್ಟರು. ಹದಿನಾರು ದಿನಗಳ ತರುವಾಯ, ಜನವರಿ 30ರಂದು, ಹಂಫ್ರೀಗಂಜಿನಲ್ಲಿ ನಲವತ್ತನಾಲ್ಕು ಮಂದಿ ಭಾರತೀಯರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಪರಕೀಯ ಆಳ್ವಿಕೆ ಎಂದೊಡನೆ ಬ್ರಿಟಿಷರನ್ನು ಮಾತ್ರ ನೆನೆಯುವ ಕಥನದಲ್ಲಿ ಈ ಸಾವುಗಳು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಅಂಡಮಾನಿನ ಸೆರೆಮನೆ ಸಾಹಿತ್ಯವನ್ನು ಅಭ್ಯಸಿಸುವವರು ಆತ್ಮಕಥೆಗಳ ಜೊತೆಗೆ ದಿವಾನ್ ಸಿಂಗರ ಕಾವ್ಯವನ್ನೂ ಇರಿಸಿಕೊಂಡು ಓದಬೇಕು. ಈ ಓದು ಕನ್ನಡದಲ್ಲಿ ಇನ್ನಷ್ಟು ನಡೆಯಬೇಕಾಗಿದೆ.

ಜೈಲಿನ ಆವರಣದಲ್ಲಿ, ಕೆಡವಿದ ಸಾಲುಗಳ ಜಾಗದಲ್ಲಿ, 1963ರಲ್ಲಿ ಗೋವಿಂದ ವಲ್ಲಭ ಪಂತರ ಹೆಸರಿನ ಆಸ್ಪತ್ರೆ ತಲೆಯೆತ್ತಿತು. ಈಗಲೂ ಅಲ್ಲಿ ವೈದ್ಯರು ರೋಗಿಗಳನ್ನು ನೋಡುತ್ತಾರೆ.