ಫಿನಾಸ್ಟರೈಡ್
ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬೊಕ್ಕತಲೆಗೂ ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆಗೂ ಕೊಡುವ ಸಂಶ್ಲೇಷಿತ ಔಷಧ. ಟೆಸ್ಟೋಸ್ಟಿರಾನನ್ನು ಡೈಹೈಡ್ರೊಟೆಸ್ಟೋಸ್ಟಿರಾನ್ ಆಗಿ ಮಾರ್ಪಡಿಸುವ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಎರಡನೆಯ ಬಗೆಯನ್ನು ಇದು ತಡೆಯುತ್ತದೆ. ಕೂದಲ ಬುಡಗಳನ್ನು ಕುಗ್ಗಿಸಿ ಎಳೆಗಳನ್ನು ತೆಳುವಾಗಿಸುವ ಡೈಹೈಡ್ರೊಟೆಸ್ಟೋಸ್ಟಿರಾನ್ ಹಾರ್ಮೋನು ಇದರಿಂದ ರಕ್ತದಲ್ಲಿ ಸುಮಾರು 70% ಇಳಿಯುತ್ತದೆ.

ಡೊಮಿನಿಕನ್ ಗಣರಾಜ್ಯದ ಸಲಿನಾಸ್‌ನಲ್ಲಿ ಈ ಕಿಣ್ವದ ಕೊರತೆಯಿಂದ ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಂಡು, ಹರೆಯದಲ್ಲಿ ಗಂಡಸರ ಲಕ್ಷಣ ತಳೆಯುತ್ತಿದ್ದವರ ಬಗ್ಗೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ವರದಿ ಮಾಡಿದರು. ಬೆಳೆದ ಮೇಲೂ ಇವರ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿದಿತ್ತು, ಹಣೆಯಂಚಿನ ಕೂದಲು ಹಿಂದೆ ಸರಿದಿರಲಿಲ್ಲ. ಮರ್ಕ್ ಕಂಪನಿಯ ಸಂಶೋಧನೆಗೆ ಇದೇ ದಾರಿಯಾಯಿತು. ಅಮೆರಿಕದಲ್ಲಿ ಪ್ರಾಸ್ಟೇಟ್ ಚಿಕಿತ್ಸೆಯ 5 ಮಿ.ಗ್ರಾಂ. ಮಾತ್ರೆಗೆ 1992ರಲ್ಲಿ, ಕೂದಲಿನ 1 ಮಿ.ಗ್ರಾಂ. ಮಾತ್ರೆಗೆ 1997ರಲ್ಲಿ ಅನುಮತಿ ದೊರೆಯಿತು.

ದಿನಕ್ಕೊಂದು ಮಾತ್ರೆಯಂತೆ ಸೇವಿಸಿದರೆ ಫಲ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ಹೊಸ ಕೂದಲು ಬೆಳೆಸುವುದಕ್ಕಿಂತ ಇರುವುದನ್ನು ಉಳಿಸುವುದರಲ್ಲೇ ಇದು ಹೆಚ್ಚು ಸಮರ್ಥ. ನಿಲ್ಲಿಸಿದರೆ ಸುಮಾರು ವರ್ಷದೊಳಗೆ ಪ್ರಯೋಜನ ಅಳಿಯುತ್ತದೆ. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುವುದು, ನಿಮಿರು ದೌರ್ಬಲ್ಯ, ಖಿನ್ನತೆ ವರದಿಯಾಗಿವೆ. ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆಯ ಪಿಎಸ್‌ಎ ಮಟ್ಟವನ್ನು ಸುಮಾರು ಅರ್ಧಕ್ಕಿಳಿಸುವುದರಿಂದ ಸೇವನೆಯ ವಿಷಯ ವೈದ್ಯರಿಗೆ ತಿಳಿದಿರಬೇಕು. ಗಂಡು ಭ್ರೂಣದ ಜನನಾಂಗ ವಿಕಾರವಾಗುವ ಸಾಧ್ಯತೆಯಿರುವ ಕಾರಣ ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟುವುದೂ ನಿಷಿದ್ಧ.