ಮುಖಕ್ಕೆ ಹೊಡೆಯದ ತಾಲೀಮು

ಕೆಲವು ತಿಂಗಳ ಹಿಂದೆ ಜುಮಾ ನಮಾಝಿನ ಬಳಿಕ ಮಾಲೂರು ಕಡೆಯ ತಂದೆಯೊಬ್ಬರು ನಮ್ಮ ಬಳಿ ಬಂದು ಕುಳಿತರು. ಅವರ ಹದಿನಾಲ್ಕು ವರ್ಷದ ಮಗ ವಾರಕ್ಕೆರಡು ಬಾರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಿಶ್ರ ಸಮರಕಲೆಯನ್ನು ಕಲಿಯುತ್ತಿದ್ದಾನೆ. ಹುಡುಗರು ಅದನ್ನು ಎಂ.ಎಂ.ಎ. ಎನ್ನುತ್ತಾರೆ. ಗುದ್ದುವುದು, ಒದೆಯುವುದು, ಹಿಡಿದು ಕೆಡವುವುದು, ಕೆಡವಿದ ಮೇಲೆ ಕೈಕಾಲು ಕತ್ತುಗಳನ್ನು ಬಂಧಿಸುವುದು ಎಲ್ಲವೂ ಒಂದರಲ್ಲೇ ಸೇರಿರುವ ಆಟವದು. “ಹಜ್ರತ್, ಕಳಿಸಲೋ ಬಿಡಿಸಲೋ, ಒಂದು ಮಾತು ಹೇಳಿಬಿಡಿ” ಎಂದರು ಅವರು. ಶಾಲೆಯ ದಾರಿಯಲ್ಲಿ ದೊಡ್ಡ ಹುಡುಗರು ಮಗನನ್ನು ಹೊಡೆದಿದ್ದರೆಂದೂ ಅಂದಿನಿಂದ ಅವನಿಗೆ ಈ ಹಟ ಹಿಡಿದಿದೆಯೆಂದೂ ಆಮೇಲೆ ತಿಳಿಯಿತು. ಒಂದು ಮಾತಿನಲ್ಲಿ ಉತ್ತರಿಸಲು ನಮ್ಮಿಂದಾಗಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ನಾಡಿನಲ್ಲಿ ಕಾದಾಟದ ಕಲೆಗೆ ಬಳಕೆಯಲ್ಲಿರುವ ಮಾತುಗಳನ್ನೇ ಮೊದಲು ನೋಡೋಣ. ಕುಸ್ತಿ ಮತ್ತು ಪೈಲ್ವಾನ ಎಂಬ ಪದಗಳು ಫಾರಸಿಯಿಂದ ಬಂದವು. ಕಲಿಸುವ ಗುರುವನ್ನು ಹಳಬರು ವಸ್ತಾದ ಎನ್ನುತ್ತಿದ್ದರು. ಅದು ಉಸ್ತಾದ್ ಎಂಬುದರ ಕನ್ನಡ ರೂಪ. ಎಲ್ಲಕ್ಕಿಂತ ಸೊಗಸಾದುದು ತಾಲೀಮು. ಇಲ್ಮ್ ಎಂಬ ಪದ ಹುಟ್ಟಿದ ಅರಬಿ ಧಾತುವಿನಿಂದಲೇ ತಅ್‌ಲೀಮ್ ಹುಟ್ಟಿದೆ. ಅದರ ಅರ್ಥ ವಿದ್ಯೆ ಕಲಿಸುವುದು. ಮದ್ರಸದಲ್ಲಿ ಮಗು ಅಕ್ಷರ ಓದುವುದೂ ತಾಲೀಮು, ಗರಡಿಯಲ್ಲಿ ಬಸ್ಕಿ ಹೊಡೆಯುವುದೂ ತಾಲೀಮು. ಉತ್ತರ ಕರ್ನಾಟಕದಲ್ಲಿ ವ್ಯಾಯಾಮಶಾಲೆಯ ಹೆಸರೇ ತಾಲೀಮು. ದೇಹವನ್ನು ಪಳಗಿಸುವುದನ್ನು ನಮ್ಮ ಹಿರಿಯರು ವಿದ್ಯೆಯ ಲೆಕ್ಕಕ್ಕೆ ಸೇರಿಸಿದ್ದರೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಗರಡಿ ಮಾತ್ರ ಕನ್ನಡದ್ದಾಗಿಯೇ ಉಳಿಯಿತು. ಗರಡಿಯ ಗೋಡೆಯಲ್ಲಿ ಹನುಮನ ಪಟವಿದ್ದರೂ ಮಟ್ಟಿಯ ಕೆಮ್ಮಣ್ಣಿನಲ್ಲಿ ಹಿಂದೂ ಮುಸ್ಲಿಮ್ ಹುಡುಗರು ಒಬ್ಬರನ್ನೊಬ್ಬರು ಹಿಡಿದು ಬೆಳೆದದ್ದು ಹಳೆಯ ಮೈಸೂರು ಸೀಮೆಯ ಸಾಮಾನ್ಯ ಚಿತ್ರ. ಆಂಜನೇಯನ ಗುಡಿಯೂ ಹೈದರ್ ವಲಿಯವರ ದರ್ಗಾವೂ ಒಂದೇ ಊರಿನಲ್ಲಿರುವ ಮುಳಬಾಗಿಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೋಲಾರ ಸೀಮೆಗೆ ಈ ವಿಷಯದಲ್ಲಿ ತನ್ನದೇ ಆದ ಇತಿಹಾಸವಿದೆ. ಸಿರಾ ನವಾಬನ ಸೇವೆಯಲ್ಲಿ ಕೋಲಾರದ ಫೌಜ್‌ದಾರನಾಗಿದ್ದ ಫತೇಹ್ ಮುಹಮ್ಮದನ ಮಗ ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಹೈದರನಿಗೆ ಓದುಬರಹ ಬರುತ್ತಿರಲಿಲ್ಲ. ಅವನ ತಾಲೀಮು ಕುದುರೆಯ ಮೇಲೆ, ಕತ್ತಿಯ ಜೊತೆಗೆ ನಡೆಯಿತು. ತಂದೆ ಯುದ್ಧದಲ್ಲಿ ಮಡಿದಾಗ ಅವನಿನ್ನೂ ಬಾಲಕ. ಆ ಸಮಯದಲ್ಲಿ ತಂದೆಯ ಒಡೆಯನ ಮಗ ಅಬ್ಬಾಸ್ ಕುಲಿ ಖಾನನು ಸಾಲದ ನೆಪದಲ್ಲಿ ಹೈದರ್ ಮತ್ತು ಅವನ ಅಣ್ಣ ಶಹಬಾಜರನ್ನು ಹಿಡಿಸಿ, ನಗಾರಿಯೊಳಗೆ ಕೂಡಿಸಿ, ಮೇಲಿನಿಂದ ಬಾರಿಸಿ ಹಿಂಸಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಏಟು ತಿಂದ ಹುಡುಗ ಕಾದಾಟ ಕಲಿಯಹೊರಡುವ ಕಥೆ ಮಾಲೂರಿನ ಆ ಮಗನದಷ್ಟೇ ಅಲ್ಲ, ಬಹಳ ಹಿಂದಿನದು. ಮುಂದೆ ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರ್ 4ರಂದು, ಹೈದರನ ಸೇನೆ ಮುಳಬಾಗಿಲಿನ ಬಳಿ ಕರ್ನಲ್ ವುಡ್ಡನ ದಂಡನ್ನು ಇಕ್ಕಟ್ಟಿಗೆ ಸಿಲುಕಿಸಿತು. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಬೆರಳೆಣಿಕೆಯ ಜನರೊಡನೆ ಎರಡು ತೋಪುಗಳನ್ನು ಎತ್ತರಕ್ಕೆಳೆದು, ದೊಡ್ಡ ಸೇನಾಪತಿ ಸ್ಮಿತ್‌ನ ಹೆಸರನ್ನು ಕೂಗಿಸಿದನು. ಹೊಸ ಸೈನ್ಯವೇ ಬಂದಿತೆಂದು ಭ್ರಮಿಸಿ ಮೈಸೂರಿನವರು ಒಂದಷ್ಟು ಹಿಂಜರಿದರು, ವುಡ್ ಉಳಿದುಕೊಂಡನು. ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡಾಗ ಮರಣದ ಸುದ್ದಿಯನ್ನು ಮುಚ್ಚಿಟ್ಟು, ಶವವನ್ನು ಗುಟ್ಟಾಗಿ ಕೋಲಾರಕ್ಕೆ ತಂದು ತಂದೆಯ ಮಕ್ಬರಾದಲ್ಲಿ ಇರಿಸಲಾಯಿತು. ಅನಂತರವಷ್ಟೇ ಅದು ಶ್ರೀರಂಗಪಟ್ಟಣ ಸೇರಿತು. ಆ ಮಕ್ಬರಾ ಇಂದೂ ಕೋಲಾರದಲ್ಲಿದೆ.

ಹೊಡೆತವನ್ನೂ ಹಿಡಿತವನ್ನೂ ಬೆರೆಸಿದ ಕಾದಾಟ ಹೊರಗಿನಿಂದ ಬಂದ ಹೊಸ ಹುಚ್ಚು ಎಂದು ತಿಳಿದವರು ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ನೆನೆಯಬೇಕು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳ ಗೆಣ್ಣುಗಳ ಮೇಲೆ ಮೊನಚಾದ ಆಯುಧ ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಅದೇ ವಿಲ್ಕ್ಸ್ ಎಮ್ಮೆಕೊಂಬಿನಿಂದ ಮಾಡಿದ ಆ ಆಯುಧವನ್ನು ವರ್ಣಿಸಿದ್ದಾನೆ. ಅಂದಿನ ಕಾಳಗದಲ್ಲಿ ಗುದ್ದಾಟದ ಜೊತೆಗೆ ಕುಸ್ತಿಯೂ ಸೇರಿತ್ತು. ಈಗ ಅದು ವರ್ಷಕ್ಕೊಮ್ಮೆ ಅರಮನೆಯ ಅಂಗಳದಲ್ಲಿ ಕ್ಷಣಕಾಲ ನಡೆಯುವ ವಿಧಿ. ತಲೆಯನ್ನೇ ಗುರಿಯಾಗಿಸಿದ ಆ ಪದ್ಧತಿಯನ್ನು ನಾವು ಹೊಗಳುತ್ತಿಲ್ಲ. ಆದರೆ ರಕ್ತದ ಮೊದಲ ಹನಿಗೇ ನಿಲ್ಲಿಸಬೇಕೆಂಬ ಕಟ್ಟಳೆಯನ್ನು ಗಮನಿಸಬೇಕು. ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಕಾದಾಟ ಕಲಿಸಿದವರನ್ನೆಲ್ಲ ಕಾಡಿದೆ.

ಇನ್ನು ಪ್ರವಾದಿವರ್ಯರ(ಸ) ಕಾಲಕ್ಕೆ ಬರೋಣ. ಕುರೈಶರಲ್ಲೇ ಅತ್ಯಂತ ಬಲಶಾಲಿಯೆನಿಸಿದ್ದ ರುಕಾನ ಎಂಬವನು ಮಕ್ಕಾದ ಕಣಿವೆಯೊಂದರಲ್ಲಿ ಪ್ರವಾದಿಯವರೊಂದಿಗೆ(ಸ) ಕುಸ್ತಿಗೆ ನಿಂತು ನೆಲಕ್ಕುರುಳಿದನೆಂದು ಇಬ್ನು ಇಸ್‌ಹಾಕ್ ಬರೆದಿದ್ದಾರೆ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲೂ ಈ ಪ್ರಸಂಗವಿದೆ. ಅದರ ವರದಿಗಾರರ ಸರಪಣಿ ಗಟ್ಟಿಯಲ್ಲವೆಂದು ಸ್ವತಃ ತಿರ್ಮಿದಿಯವರೇ ಹೇಳಿದ್ದಾರೆ; ಬೇರೆ ಮೂಲಗಳ ಬಲದಿಂದ ಅದನ್ನು ಸ್ವೀಕರಿಸಿದ ವಿದ್ವಾಂಸರೂ ಇದ್ದಾರೆ. ವೇದಿಕೆಗಳಲ್ಲಿ ಈ ಕಥೆಯನ್ನು ಅಬ್ಬರದಿಂದ ಹೇಳುವವರು ಈ ಮಾತನ್ನೂ ಜೊತೆಗೆ ಹೇಳಿದರೆ ಚೆನ್ನಾಗಿತ್ತು. ಹಬಶಿಗಳು ಮದೀನಾದ ಮಸೀದಿಯಲ್ಲೇ ಈಟಿವರಸೆ ಆಡಿದ್ದು, ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ತಮಗೆ ಸಾಕೆನಿಸುವವರೆಗೆ ನೋಡಿದ್ದು ಬುಖಾರಿಯಲ್ಲಿದೆ. ಅದರ ಬಗ್ಗೆ ಸಂದೇಹವಿಲ್ಲ.

ಉಹುದ್ ಯುದ್ಧಕ್ಕೆ ಹೊರಟಾಗಿನ ಪ್ರಸಂಗವೊಂದು ನಮಗೆ ವಿಶೇಷವಾಗಿ ಹಿಡಿಸುತ್ತದೆ. ಚಿಕ್ಕ ವಯಸ್ಸಿನವರನ್ನು ಪ್ರವಾದಿ(ಸ) ಹಿಂದಕ್ಕೆ ಕಳುಹಿಸಿದರು. ರಾಫಿಅ್ ಬಿನ್ ಖದೀಜ್(ರ) ಒಳ್ಳೆಯ ಬಿಲ್ಲುಗಾರನೆಂದು ತಿಳಿದಾಗ ಅವರಿಗೆ ಅನುಮತಿ ಸಿಕ್ಕಿತು. ಒಡನೆ ಸಮುರ ಬಿನ್ ಜುಂದುಬ್(ರ), ಕುಸ್ತಿಯಲ್ಲಿ ರಾಫಿಅನನ್ನು ಕೆಡವಬಲ್ಲ ನನ್ನನ್ನೇಕೆ ಬಿಡಲಾಯಿತೆಂದು ಅಹವಾಲು ಹೇಳಿಕೊಂಡರು. ಇಬ್ಬರನ್ನೂ ಕುಸ್ತಿಗೆ ಬಿಡಲಾಯಿತು. ಸಮುರ ಗೆದ್ದರು, ಅವರಿಗೂ ಅನುಮತಿ ದೊರೆಯಿತು. ಇಬ್ಬರಿಗೂ ಹದಿನೈದರ ಆಸುಪಾಸು. ಹುಡುಗರ ಹುಮ್ಮಸ್ಸನ್ನು ಮೆಚ್ಚಿದ್ದು ಮಾತ್ರವಲ್ಲ, ಮೊದಲು ಅವರನ್ನು ತಡೆದು ಪರೀಕ್ಷಿಸಿದ್ದೂ ಇಲ್ಲಿದೆ.

ಹಾಗಾದರೆ ತಕರಾರೆಲ್ಲಿ? ಮುಖದಲ್ಲಿ. ಯಾರೊಡನಾದರೂ ಹೊಡೆದಾಡಬೇಕಾಗಿ ಬಂದರೆ ಮುಖವನ್ನು ಬಿಟ್ಟುಬಿಡಬೇಕೆಂದು ಪ್ರವಾದಿ(ಸ) ಆದೇಶಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮಕ್ಕಾದ ರಾಬಿತದ ಫಿಕ್ಹ್ ಮಂಡಳಿಯು 1987ರ ಅಕ್ಟೋಬರ್‌ನಲ್ಲಿ ನಡೆದ ತನ್ನ 10ನೇ ಅಧಿವೇಶನದಲ್ಲಿ ಬಾಕ್ಸಿಂಗನ್ನು ನಿಷಿದ್ಧವೆಂದಿತು. ಎದುರಾಳಿಗೆ ಹಾನಿ ಮಾಡುವುದೇ ಅದರ ತಳಹದಿ, ಅದರಿಂದ ಕುರುಡುತನ, ಮಿದುಳಿನ ಹಾನಿ, ಮರಣವೂ ಸಂಭವಿಸಬಹುದು ಎಂಬುದು ಅದಕ್ಕೆ ಕೊಟ್ಟ ಕಾರಣ. ಪರಸ್ಪರ ಹಾನಿಗೆ ಅವಕಾಶವಿರುವ ಕುಸ್ತಿಗೂ ಅದೇ ತೀರ್ಪು; ಹಾನಿಯಿಲ್ಲದೆ ವ್ಯಾಯಾಮಕ್ಕಾಗಿ ಆಡುವ ಕುಸ್ತಿಗೆ ಅಡ್ಡಿಯಿಲ್ಲ. ಮುಹಮ್ಮದ್ ಅಲಿಯ ಹೆಸರು ಕೇಳಿದರೆ ಇಂದಿಗೂ ನಮ್ಮ ಎದೆಯುಬ್ಬುತ್ತದೆ. ಅದೇ ಅಲಿ 1984ರಿಂದ 2016ರಲ್ಲಿ ಕೊನೆಯುಸಿರೆಳೆಯುವವರೆಗೆ ನಡುಗುವ ಕೈಗಳೊಡನೆ ಬದುಕಿದ್ದನ್ನೂ ನಾವು ಕಂಡಿದ್ದೇವೆ. ಕಾಯಿಲೆಗೆ ಬಾಕ್ಸಿಂಗೇ ಕಾರಣವೇ ಎಂಬುದನ್ನು ವೈದ್ಯರಿಗೆ ಬಿಡೋಣ. ಹದಿನಾಲ್ಕರ ಮಗನಿರುವ ತಂದೆ ಅದನ್ನು ಯೋಚಿಸದೆ ಇರಲಾರ.

ಇಲ್ಲಿ ವೃತ್ತಿಪರ ಪಂದ್ಯಕ್ಕೂ ಹವ್ಯಾಸಿ ಅಭ್ಯಾಸಕ್ಕೂ ಇರುವ ಅಂತರವನ್ನು ತಿಳಿಯಬೇಕು. ಅಮೆರಿಕದಲ್ಲಿ 1993ರಲ್ಲಿ ಯು.ಎಫ್.ಸಿ. ಆರಂಭವಾದಾಗ ನಿಯಮಗಳು ಬಹಳ ಕಡಿಮೆಯಿದ್ದವು. 2012ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಹವ್ಯಾಸಿ ಒಕ್ಕೂಟದ ಪದ್ಧತಿ ಬೇರೆ. ಮೂರು ನಿಮಿಷಗಳ ಮೂರು ಸುತ್ತು, ಮೊಣಕೈ ಹೊಡೆತಕ್ಕೆ ನಿಷೇಧ, ಮೊಣಕಾಲಿನ ಕೆಳಗೆ ರಕ್ಷಾಕವಚ. ಕಿರಿಯರ ಸ್ಪರ್ಧೆಗಳಲ್ಲಿ ತಲೆಗೆ ಹೊಡೆಯುವುದನ್ನೇ ನಿಷೇಧಿಸಲಾಗಿದೆ. ಮಿದುಳಿನ ಕಾಳಜಿಯಿಂದ ಈ ಕಾಲದವರು ತಲುಪಿದ ಕಟ್ಟಳೆಯು ಹದಿನಾಲ್ಕು ಶತಮಾನಗಳ ಹಿಂದಿನ ಆ ಹದೀಸಿನ ಪಕ್ಕದಲ್ಲೇ ಬಂದು ನಿಂತಿರುವುದನ್ನು ನೋಡಿ ನಮಗೆ ಸಂತೋಷವಾಯಿತು.

ಗರಡಿಗೂ ಈ ಹೊಸ ಆಟಕ್ಕೂ ಇನ್ನೊಂದು ವ್ಯತ್ಯಾಸವಿದೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಸೋಲು. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನರ ಎದುರು ಪೋಲೆಂಡಿನ ಜಬಿಸ್ಕೊ ಎರಡೂವರೆ ತಾಸಿಗೂ ಹೆಚ್ಚು ಕಾಲ, ಬಹುತೇಕ ಬೋರಲಾಗಿಯೇ ಮಲಗಿ ಚಿತ್ ಆಗುವುದರಿಂದ ತಪ್ಪಿಸಿಕೊಂಡನು. ಮತ್ತೊಂದು ದಿನಕ್ಕೆ ಪಂದ್ಯ ನಿಗದಿಯಾದಾಗ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಕೆಡವಿದರು. ಎಂ.ಎಂ.ಎ.ಯಲ್ಲಿ ಬೆನ್ನು ನೆಲಕ್ಕೆ ತಾಗುವುದು ಸೋಲಲ್ಲ. ಬಂಧದಲ್ಲಿ ಸಿಕ್ಕವನು ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ ತಟ್ಟಿದರೆ ಸೋಲೊಪ್ಪಿದಂತೆ. ಹಿಡಿದವನು ತಕ್ಷಣ ಬಿಡಬೇಕು. ಗಾಮಾರ ವಂಶದವರೇ ಆದ ಅಕ್ರಮ್ ಪೈಲ್ವಾನರು 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಜಪಾನಿನ ಇನೋಕಿಯ ತೋಳುಬಂಧದಲ್ಲಿ ಸಿಕ್ಕಿದಾಗ ಸೋಲೊಪ್ಪಲಿಲ್ಲ. ಅವರ ತೋಳಿಗೆ ತೀವ್ರವಾದ ಪೆಟ್ಟಾಯಿತು, ಪಂದ್ಯ ನಿಂತಿತು. ಇದನ್ನು ಶೌರ್ಯವೆಂದು ಕೊಂಡಾಡುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಕತ್ತಿನ ಬಂಧ ಸರಿಯಾಗಿ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಜೊತೆಗಾರನ ಕೈಗೆ ತನ್ನ ಕತ್ತನ್ನು ಕೊಟ್ಟು ಕಲಿಯುವ ವಿದ್ಯೆಯಿದು, ಆ ಕತ್ತು ಅಮಾನತ್ತು. ಆದ್ದರಿಂದ ಒಳ್ಳೆಯ ತರಬೇತುದಾರರು ಮೊದಲ ದಿನ ಗುದ್ದನ್ನಲ್ಲ, ತಟ್ಟುವುದನ್ನೂ ಬಿಡುವುದನ್ನೂ ಕಲಿಸುತ್ತಾರೆ.

ಕೋಪದ ವಿಷಯ ಇದಕ್ಕಿಂತ ಕಠಿಣವಾದುದು. ಜನರನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ ಪ್ರವಾದಿವಚನವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅವರೇ ದಾಗಿಸ್ತಾನದ ಖಬೀಬ್ ನೂರ್‌ಮಗೊಮೆದೊವ್‌ನ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡಿರುತ್ತಾರೆ. ಖಬೀಬ್ 29 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆದರೆ 2018ರ ಅಕ್ಟೋಬರ್ 6ರಂದು, ತನ್ನ ತಂದೆಯನ್ನೂ ದೀನನ್ನೂ ಹೀಯಾಳಿಸಿದ ಎದುರಾಳಿಯನ್ನು ಸೋಲಿಸಿದ ಬಳಿಕ, ಪಂಜರದ ಬೇಲಿ ಹಾರಿ ಎದುರಾಳಿಯ ತಂಡದವನ ಮೇಲೆ ಬಿದ್ದನು. 5 ಲಕ್ಷ ಡಾಲರ್ ದಂಡವೂ ಒಂಬತ್ತು ತಿಂಗಳ ಅಮಾನತೂ ಆಯಿತು. ಅವನ ತಂದೆ ಅಬ್ದುಲ್‌ಮನಾಫ್, ಹಳ್ಳಿಯ ಹುಡುಗರನ್ನು ಮನೆಯಂಗಳದಿಂದ ಪಳಗಿಸಿ ತಂದ ತರಬೇತುದಾರರು, ಮಗನ ಪರ ವಹಿಸಲಿಲ್ಲ. ತಾನು ಕೊಡುವ ಶಿಕ್ಷೆ ಇನ್ನೂ ಕಠಿಣವಾಗಿರುತ್ತದೆಂದು ಬಹಿರಂಗವಾಗಿ ಎಚ್ಚರಿಸಿದರು. 2020ರ ಜುಲೈಯಲ್ಲಿ ಕೋವಿಡ್‌ನಿಂದ ಅವರು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಮಗ ಕೊನೆಯ ಪಂದ್ಯ ಗೆದ್ದು, ತಂದೆಯಿಲ್ಲದೆ ಕಾದಾಡುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತಿನಂತೆ ಕೈಗವಸು ಕಳಚಿಟ್ಟನು. ಇಪ್ಪತ್ತೊಂಬತ್ತು ಗೆಲುವುಗಳಿಗಿಂತ ಆ ತಂದೆಯ ಎಚ್ಚರಿಕೆಯೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಒಂದು ಕಹಿ ನೆನಪನ್ನೂ ಹೇಳಬೇಕು. ಶ್ರೀನಿವಾಸಪುರ ಕಡೆಯ, ನಮಗೆ ಪರಿಚಿತನಾದ ಹುಡುಗನೊಬ್ಬ ತೂಕದ ವರ್ಗಕ್ಕೆ ಸರಿಹೊಂದಲು ಎರಡು ದಿನ ಊಟ ನೀರು ಬಿಟ್ಟು, ದಪ್ಪ ಬಟ್ಟೆ ತೊಟ್ಟು ಓಡಿ, ತೂಕ ಮಾಡಿಸುವ ಮುಂಜಾನೆ ಕುಸಿದುಬಿದ್ದನು. ಹಾಗೆ ಮಾಡೆಂದು ಕಲಿಸಿದವರು ಅವನ ತರಬೇತುದಾರರೇ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿಕೊಂಡು ಮಲಗಿದ್ದಾಗ ಅವನು ನಾಚಿಕೆಯಿಂದ ನಮ್ಮ ಮುಖ ನೋಡಲಿಲ್ಲ. ಉಪವಾಸ ಮತ್ತು ಇರುಳ ನಮಾಝಿನಲ್ಲಿ ಅತಿಗೆ ಹೋದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ, ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ನೆನಪಿಸಿದ್ದರು. ಆರಾಧನೆಯಲ್ಲೇ ಸಲ್ಲದ ಅತಿ ಪದಕಕ್ಕಾಗಿ ಸಲ್ಲುವುದುಂಟೇ?

ಮಾಲೂರಿನ ಆ ತಂದೆಗೆ ನಾವು ಫತ್ವಾ ಕೊಡಲಿಲ್ಲ. ಅದಕ್ಕೆ ನಾವು ಅರ್ಹರೂ ಅಲ್ಲ. ಮಗನೊಡನೆ ಒಮ್ಮೆ ಬೆಂಗಳೂರಿಗೆ ಹೋಗಿ ಬದಿಯಲ್ಲಿ ಕುಳಿತು ನೋಡಿರೆಂದೆವು. ಮಕ್ಕಳ ತಲೆಗೆ ಹೊಡೆಸುತ್ತಾರೆಯೇ, ತಟ್ಟಿದಾಗ ಬಿಡುತ್ತಾರೆಯೇ, ತೂಕ ಇಳಿಸಲು ಏನು ಹೇಳುತ್ತಾರೆ, ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪಿಗೆ ಒಪ್ಪುತ್ತಾರೆಯೇ, ಮಗ್ರಿಬ್ ವೇಳೆಗೆ ಬಿಡುವು ಕೊಡುತ್ತಾರೆಯೇ ಎಂದು ಕೇಳಿ ಬನ್ನಿರೆಂದೆವು. ಶಾಲೆಯ ದಾರಿಯ ಹುಡುಗರ ವಿಷಯವನ್ನು ಮುಖ್ಯೋಪಾಧ್ಯಾಯರ ಬಳಿ ಮಾತಾಡಿದಿರಾ ಎಂದೂ ಕೇಳಿದೆವು. ಅವರು ಮಾತಾಡಿರಲಿಲ್ಲ.

ಎರಡು ವಾರಗಳ ಬಳಿಕ ಅವರು ಮತ್ತೆ ಬಂದರು, ಈ ಬಾರಿ ಮಗನೂ ಜೊತೆಗಿದ್ದ. ತಲೆಗೆ ಹೊಡೆಸುವುದಿಲ್ಲವಂತೆ, ಮಗ್ರಿಬ್‌ಗೆ ಹತ್ತು ನಿಮಿಷ ಬಿಡುತ್ತಾರಂತೆ. ತೂಕದ ಪ್ರಶ್ನೆಗೆ ಮಾತ್ರ ತರಬೇತುದಾರರು ನಕ್ಕು ಸುಮ್ಮನಾದರಂತೆ. “ಅದನ್ನು ಇನ್ನೊಂದ್ಸಲ ಕೇಳ್ತೀನಿ, ಹಜ್ರತ್” ಎಂದು ತಂದೆ ಹೇಳುತ್ತಿರುವಾಗ ಹುಡುಗ ಚಪ್ಪಲಿ ಹಾಕಿಕೊಂಡು, ರೈಲಿಗೆ ಹೊತ್ತಾಯಿತೆಂದು ಅವರ ತೋಳು ಜಗ್ಗಿದನು.