ಹೊತ್ತು ಗೊತ್ತು ಮಾಡುವವರು

ಮದುವೆಗೆ ಮುಹೂರ್ತ ಇಡುವಾಗ ಪುರೋಹಿತರು ಪಂಚಾಂಗ ಬಿಡಿಸಿ ಕೂತರೂ ಮನೆಯ ಹೆಂಗಸರು ಬಾಗಿಲ ಮರೆಯಿಂದ ನಾಲ್ಕು ಮಾತು ಸೇರಿಸುತ್ತಾರೆ. ಆ ವಾರ ದೊಡ್ಡವಳ ಮಕ್ಕಳಿಗೆ ಪರೀಕ್ಷೆ, ಚಿಕ್ಕವಳಿಗೆ ಆಗಲೇ ಒಂಬತ್ತು ತುಂಬಿರುತ್ತದೆ, ನಲ್ಲಿಯಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿದೆ. ಇವೆಲ್ಲ ಯಾವ ಪಂಚಾಂಗದಲ್ಲೂ ಬರೆದಿರುವುದಿಲ್ಲ. ಈ ಮಾತುಗಳನ್ನು ಕೇಳಿಸಿಕೊಂಡ ಮನೆಯ ಮದುವೆ ಸಸೂತ್ರವಾಗಿ ನಡೆಯುತ್ತದೆ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದವರು ನಡೆಸುವ ಸಮಾರಂಭಗಳ ಕಥೆಯೂ ಇಷ್ಟೆ. ಶಾಮಿಯಾನ, ಮೈಕು, ಹಾರ, ಶಾಲು ಎಲ್ಲ ಆಮೇಲಿನ ಮಾತು. ದಿನವನ್ನೂ ಹೊತ್ತನ್ನೂ ಗೊತ್ತು ಮಾಡುವಾಗ ಯಾರು ಯಾರು ಕೂತಿದ್ದರು ಎನ್ನುವುದರ ಮೇಲೆಯೇ ಅದು ಯಾರ ಸಮಾರಂಭವಾಗುತ್ತದೆ ಎನ್ನುವುದು ನಿಂತಿದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಏಪ್ರಿಲ್ 22 ಭೂಮಿ ದಿನ ಎಂದು ಹೇಳಿದಾಗಲೆಲ್ಲ ತರಗತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: “ಮಿಸ್, ಅದು ಬೇಸಿಗೆ ರಜದಲ್ಲೇ ಯಾಕೆ ಬರುತ್ತೆ?” ಒಳ್ಳೆಯ ಪ್ರಶ್ನೆ. ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೀಗ ಬಿದ್ದಿರುತ್ತದೆ, ಮಕ್ಕಳು ಅಜ್ಜಿಯ ಮನೆಯಲ್ಲಿರುತ್ತಾರೆ. ಈ ತಾರೀಖು ಬಂದದ್ದೆಲ್ಲಿಂದ ಎಂದು ಹುಡುಕುತ್ತ ಹೋದರೆ ಅಮೆರಿಕದ ಕಾಲೇಜುಗಳ ಅಂಗಳಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ಕಥೆ 1965ರಿಂದ ಶುರುವಾಗುತ್ತದೆ. ಆ ವರ್ಷ ಅಮೆರಿಕ ಸರ್ಕಾರ ಉತ್ತರ ವಿಯೆಟ್ನಾಮಿನ ಮೇಲೆ ಎಡೆಬಿಡದೆ ಬಾಂಬು ಹಾಕತೊಡಗಿತ್ತು. ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ಇದನ್ನು ವಿರೋಧಿಸಿ ಒಂದು ದಿನ ಪಾಠ ನಿಲ್ಲಿಸುತ್ತೇವೆಂದರು. ಪಾಠ ಮಾಡಬೇಕಾದವರೇ ಕೆಲಸ ಬಿಟ್ಟರೆ ಹೇಗೆ ಎಂದು ರಾಜ್ಯದ ರಾಜಕಾರಣಿಗಳು ಸಿಟ್ಟಾದರು. ಆಗ ಮಾರ್ಷಲ್ ಸಾಹ್ಲಿನ್ಸ್ ಎಂಬ ಮಾನವಶಾಸ್ತ್ರದ ಅಧ್ಯಾಪಕರು, ಪಾಠ ಬಿಡುವುದು ಬೇಡ, ರಾತ್ರಿಯೆಲ್ಲ ಪಾಠ ಮಾಡಿಯೇ ತೋರಿಸೋಣ ಎಂದು ಸೂಚಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಪಾಠದ ಜಾಗರಣೆ. ಅವರು ಇಟ್ಟ ಹೆಸರು ‘ಟೀಚ್-ಇನ್’. ಮಾರ್ಚ್ 24ರ ರಾತ್ರಿ ವಿದ್ಯಾರ್ಥಿ ಸಂಘಟನೆಯವರೂ ಕೈಜೋಡಿಸಿ ನಡೆಸಿದ ಈ ಜಾಗರಣೆಗೆ ಸುಮಾರು 3,000 ಜನ ಬಂದರು. ಬಾಂಬು ಇಟ್ಟಿದ್ದೇವೆಂದು ಯಾರೋ ಹೆದರಿಸಿದ್ದರಿಂದ ಕಟ್ಟಡ ಖಾಲಿ ಮಾಡಬೇಕಾಯಿತು. ಜನ ಮನೆಗೆ ಹೋಗಲಿಲ್ಲ, ಕೊರೆಯುವ ಚಳಿಯಲ್ಲಿ ಬಯಲಲ್ಲೇ ನಿಂತು ಭಾಷಣ ಕೇಳಿದರು.

ಈ ಘಟನೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಣ್ಣ ಸಂಗತಿಯ ಮೇಲೆ. ಆ ಕಾಲದಲ್ಲಿ ಅಲ್ಲಿಯೂ ಹಾಸ್ಟೆಲಿನ ಹುಡುಗಿಯರು ರಾತ್ರಿ ಇಷ್ಟು ಗಂಟೆಯೊಳಗೆ ಒಳಗಿರಬೇಕೆಂಬ ಕಟ್ಟುಪಾಡಿತ್ತು. ಹುಡುಗರಿಗೆ ಅಂಥದ್ದೇನೂ ಇರಲಿಲ್ಲ. ರಾತ್ರಿಯ ಕಾರ್ಯಕ್ರಮವೆಂದರೆ ಹುಡುಗಿಯರಿಗೆ ಬಾಗಿಲು ಹಾಕಿದಂತೆಯೇ. ಆದರೆ ಆ ಒಂದು ರಾತ್ರಿ ಅವರೂ ಹೊರಗಿರಬಹುದೆಂದು ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತು. ಹುಡುಗಿಯರೂ ಬೆಳಗಿನವರೆಗೆ ಕೂತರು, ಪ್ರಶ್ನೆ ಕೇಳಿದರು. ಅನುಮತಿ ಸಿಗದೆ ಹೋಗಿದ್ದರೆ ಆ ಸಭೆ ಎಂಥದ್ದಾಗಿರುತ್ತಿತ್ತು ಎಂದು ನೀವೇ ಊಹಿಸಿ.

ಈ ಪಾಠದ ಜಾಗರಣೆಯ ಸುದ್ದಿ ಬೇಗ ಹಬ್ಬಿತು. ನಾಲ್ಕು ವರ್ಷ ಕಳೆದ ಮೇಲೆ ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ಗೇಲಾರ್ಡ್ ನೆಲ್ಸನ್ ಅದನ್ನು ಬೇರೊಂದು ಕೆಲಸಕ್ಕೆ ತಂದರು. 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಬಳಿ ಎಣ್ಣೆ ಬಾವಿಯೊಂದು ಒಡೆದು ಸಮುದ್ರದ ದಂಡೆಯೆಲ್ಲ ಕಪ್ಪಾಗಿತ್ತು. ಆ ಜಾಗ ನೋಡಿಕೊಂಡು ಹಿಂದಿರುಗುವಾಗ ವಿಮಾನದಲ್ಲಿ ಅವರು ಟೀಚ್-ಇನ್‌ಗಳ ಬಗ್ಗೆ ಬಂದ ಲೇಖನವೊಂದನ್ನು ಓದಿದರು. ನೆಲ, ನೀರು, ಗಾಳಿಗಾಗಿಯೂ ಹೀಗೇ ಮಾಡಬಾರದೇಕೆ ಎನ್ನಿಸಿತು. ಅದೇ ಸೆಪ್ಟೆಂಬರಿನಲ್ಲಿ ಸಿಯಾಟಲ್ ನಗರದ ಭಾಷಣವೊಂದರಲ್ಲಿ ಈ ವಿಚಾರವನ್ನು ಪ್ರಕಟಿಸಿದರು.

ದಿನ ಆರಿಸಿದ ರೀತಿಯನ್ನು ನೋಡಿ. ಅಲ್ಲಿಯ ಬಹುಪಾಲು ಕಾಲೇಜುಗಳಿಗೆ ವಸಂತದ ರಜೆ ಮುಗಿದಿರಬೇಕು, ವರ್ಷದ ಕೊನೆಯ ಪರೀಕ್ಷೆ ಶುರುವಾಗಿರಬಾರದು. ವಾರದ ನಡುವೆ ಬಂದರೆ ವಿದ್ಯಾರ್ಥಿಗಳು ಊರು ಬಿಟ್ಟು ಹೋಗಿರುವುದಿಲ್ಲ. ಹೀಗೆ ಲೆಕ್ಕ ಹಾಕಿ 1970ರ ಏಪ್ರಿಲ್ 22, ಬುಧವಾರವನ್ನು ಹಿಡಿದರು. ಅದು ಲೆನಿನ್ ಹುಟ್ಟಿದ ನೂರನೆಯ ವರ್ಷದ ದಿನವೂ ಆಗಿದ್ದರಿಂದ, ಇದರಲ್ಲಿ ಕಮ್ಯುನಿಸ್ಟರ ಕೈವಾಡವಿದೆಯೆಂದು ಅನುಮಾನಪಟ್ಟವರೂ ಇದ್ದರು. ಕೆಲಸದ ಹೊಣೆ ಹೊತ್ತವನು ಡೆನಿಸ್ ಹೇಸ್ ಎಂಬ 25 ವರ್ಷದ ಹಾರ್ವರ್ಡ್ ವಿದ್ಯಾರ್ಥಿ. ವಾಷಿಂಗ್ಟನ್ನಿನ ಕಚೇರಿಯಿಂದ ವಿಷಯ ತಿಳಿಸುತ್ತಿದ್ದರೇ ಹೊರತು ಎಲ್ಲ ಊರಿಗೂ ಒಂದೇ ಅಚ್ಚಿನ ಕಾರ್ಯಕ್ರಮವನ್ನು ಕಳಿಸಲಿಲ್ಲ. ನಿಮ್ಮ ಊರಿನ ಕೊಳೆ ನಿಮಗೆ ಗೊತ್ತು, ನೀವೇ ನಿರ್ಧರಿಸಿ ಎಂದು ನೆಲ್ಸನ್ ಬಿಟ್ಟುಬಿಟ್ಟರು.

ಈ ಸ್ವಾತಂತ್ರ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ಮತ್ತೆ ಅದೇ ಆನ್ ಆರ್ಬರಿನವರು. ‘ಎನ್ಯಾಕ್ಟ್’ ಎಂಬ ಹೆಸರಿನಲ್ಲಿ ಅಲ್ಲಿಯ ವಿದ್ಯಾರ್ಥಿಗಳು 1969ರಲ್ಲೇ ಸಂಘ ಕಟ್ಟಿದ್ದರು. ಏಪ್ರಿಲ್ 22 ಅವರ ಪರೀಕ್ಷೆಯ ಕಾಲಕ್ಕೆ ಬರುತ್ತಿತ್ತು. ದೇಶವೆಲ್ಲ ಒಪ್ಪಿದ ದಿನ, ನಾವೂ ಒಪ್ಪಬೇಕು ಎಂದು ಅವರು ತಲೆಬಾಗಲಿಲ್ಲ. ತಮ್ಮ ಕಾರ್ಯಕ್ರಮವನ್ನು ಮಾರ್ಚ್ 11ರಿಂದ 14ರವರೆಗೆ ಇಟ್ಟುಕೊಂಡರು. ತಿಂಗಳುಗಟ್ಟಲೆ ಸಿದ್ಧತೆ ಮಾಡಿದರು. ಬ್ಯಾರಿ ಕಾಮನರ್ ಅವರಂಥ ವಿಜ್ಞಾನಿಗಳನ್ನೂ, ಗ್ರಾಹಕರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್ ಅವರನ್ನೂ ಕರೆದರು. ಹಾಡುಗಾರರನ್ನು ಕರೆದರು. ಉದ್ಯಮಿಗಳನ್ನೂ ಬಿಡಲಿಲ್ಲ, ಹೊಗೆ ಬಿಡುವವರೂ ಬಂದು ಉತ್ತರ ಹೇಳಲಿ ಎಂಬುದು ಅವರ ಲೆಕ್ಕ. ಹಳೆಯ ಕಾರೊಂದನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಗಾಳಿ ಕೆಡಿಸಿದ ಆರೋಪ ಹೊರಿಸಿ ವಿಚಾರಣೆ ನಡೆಸಿ, ಶಿಕ್ಷೆಯಾಗಿ ಸುತ್ತಿಗೆಯಿಂದ ಜಜ್ಜಿದರು! ನಾಲ್ಕು ದಿನದಲ್ಲಿ ಸುಮಾರು 50,000 ಜನ ಸೇರಿದರೆಂದು ಲೆಕ್ಕ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಜನ ಚದುರಿದ ಮೇಲೂ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಆ ಊರಿನಲ್ಲಿ ಹುಟ್ಟಿದ ಪರಿಸರ ಕೇಂದ್ರ ಇಂದಿಗೂ ನಡೆಯುತ್ತಿದೆ.

ಎಲ್ಲ ಕಡೆಯೂ ಹೀಗಾಗಲಿಲ್ಲ. 1970ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಕಾಲೇಜಿನವರು ಹಣ ಕೂಡಿಸಿ ಒಂದು ಹೊಚ್ಚ ಹೊಸ ಕಾರು ಕೊಂಡು, ಮೆರವಣಿಗೆ ಮಾಡಿ, ಗುಂಡಿ ತೋಡಿ ಹೂತರು. ಪತ್ರಿಕೆಗಳಲ್ಲಿ ಚಿತ್ರವೇನೋ ಬಂತು. ಆದರೆ ಅದೇ ಕಾಲೇಜಿನ ಕಪ್ಪು ಜನಾಂಗದ ವಿದ್ಯಾರ್ಥಿಗಳು ಎದುರು ನಿಂತು ಪ್ರತಿಭಟಿಸಿದರು. ಇಷ್ಟು ಹಣವನ್ನು ಮಣ್ಣಿಗೆ ಹಾಕುವ ಬದಲು ಬಡವರ ಕೇರಿಗಳಿಗೆ ಬಳಸಬಾರದಿತ್ತೇ ಎಂದರು. ಮನೆಗೆ ಬಂದ ಹೊಸ ಪಾತ್ರೆಯನ್ನು ಪ್ರದರ್ಶನಕ್ಕೆಂದು ಒಡೆದರೆ, ಪಾತ್ರೆಯೇ ಇಲ್ಲದ ಪಕ್ಕದ ಮನೆಯವಳಿಗೆ ಹೇಗನ್ನಿಸುತ್ತದೆ ಹೇಳಿ. ಅವರ ಮಾತು ಮೊದಲೇ ಯೋಜನೆ ಹಾಕುವವರ ಕಿವಿಗೆ ಬಿದ್ದು, ಅವರು ಅದನ್ನು ಮನಸ್ಸಿಗೆ ಹಾಕಿಕೊಂಡಿದ್ದರೆ ಹಳೆಯ ಕಾರೇ ಸಾಕಾಗುತ್ತಿತ್ತು.

ಕೊನೆಗೆ ಏಪ್ರಿಲ್ 22 ಬಂತು. ಆ ದಿನ ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಪಾಲ್ಗೊಂಡರೆಂದು ಹೇಳುತ್ತಾರೆ. ಸಂಸತ್ತಿನ ಕಲಾಪ ನಿಂತಿತು, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ವಾಹನಗಳನ್ನು ತಡೆದು ಜನರಿಗೆ ಬಿಟ್ಟುಕೊಟ್ಟರು. ಅದು ಒಂದೇ ದಿನದಲ್ಲಿ ಆಕಾಶದಿಂದ ಇಳಿದದ್ದಲ್ಲ. ರೇಚೆಲ್ ಕಾರ್ಸನ್ ಎಂಬ ಮಹಿಳೆ 1962ರಲ್ಲೇ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಬರೆದು ಕೀಟನಾಶಕಗಳ ಹಾವಳಿಯನ್ನು ಮನೆ ಮನೆಗೆ ತಿಳಿಸಿದ್ದರು. ಮಹಿಳಾ ಮತದಾರರ ಸಂಘದ ಹೆಂಗಸರು 1950ರ ದಶಕದಿಂದಲೇ ತಮ್ಮ ಊರಿನ ನೀರಿನ ವಿಷಯ ಹಿಡಿದು ಕೆಲಸ ಮಾಡುತ್ತಿದ್ದರು. ಅವರೆಲ್ಲ ಉತ್ತು ಹದ ಮಾಡಿದ ನೆಲದಲ್ಲಿ ವಿದ್ಯಾರ್ಥಿಗಳು ಬಿತ್ತಿದರು. ಅದೇ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರ ಪರಿಸರ ರಕ್ಷಣೆಗೆ ಪ್ರತ್ಯೇಕ ಸಂಸ್ಥೆ ತೆರೆಯಿತು, ಗಾಳಿಯ ಶುದ್ಧತೆಗೆ ಬಿಗಿಯಾದ ಕಾಯಿದೆ ತಂದಿತು. 1972ರಲ್ಲಿ ನೀರಿನ ಕಾಯಿದೆಯೂ ಬಂತು.

ನಮ್ಮಲ್ಲಿಯೂ ನೆಲದ ಹದ ನೋಡಿ ದಿನ ಇಟ್ಟವರಿಲ್ಲದಿಲ್ಲ. 1950ರಲ್ಲಿ ಕೆ. ಎಂ. ಮುನ್ಷಿ ವನಮಹೋತ್ಸವ ಆರಂಭಿಸಿದಾಗ ಜುಲೈ ಮೊದಲ ವಾರವನ್ನು ಹಿಡಿದರು. ಮುಂಗಾರು ಹಿಡಿದಿರುತ್ತದೆ, ಶಾಲೆಗಳು ತೆರೆದಿರುತ್ತವೆ, ನೆಟ್ಟ ಸಸಿ ಬದುಕುತ್ತದೆ. ಆದರೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಆ ಉತ್ಸವದ ಗತಿ ಏನಾಗಿತ್ತು ಗೊತ್ತೆ? ಪ್ರತಿ ವರ್ಷ ಅದೇ ಗುಂಡಿ, ಅದೇ ಹೊಂಗೆ ಸಸಿ, ಅದೇ ಫೋಟೋ. ಸುತ್ತೋಲೆ ಬರುತ್ತಿತ್ತು, ವರದಿ ಹೋಗುತ್ತಿತ್ತು. ಬೇಲಿ ಯಾರು ಕಟ್ಟಬೇಕು, ಬೇಸಿಗೆಯಲ್ಲಿ ನೀರು ಯಾರು ಹಾಕಬೇಕು ಎಂದು ಮಕ್ಕಳನ್ನು ಕೂರಿಸಿಕೊಂಡು ಕೇಳಿದವರಿರಲಿಲ್ಲ.

ಕಾಲೇಜುಗಳ ಪಾಡನ್ನು ನನಗೆ ತಿಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಡಿಗ್ರಿ ಕಾಲೇಜು ಸೇರಿ, ಅಲ್ಲಿಯ ಸಂಘಕ್ಕೆ ಜಂಟಿ ಕಾರ್ಯದರ್ಶಿಯಾಗಿದ್ದಳು. ಒಂದು ಭಾನುವಾರ ಮನೆಗೆ ಬಂದು, “ಮಿಸ್, ಪರಿಸರ ದಿನದ ಕಾರ್ಯಕ್ರಮ ಸಂಜೆ ಆರಕ್ಕೆ ಇಟ್ಟಿದಾರೆ. ನಮ್ಮೂರ ಕಡೆ ಬಸ್ಸು ಐದೂವರೆಗೆ. ಹುಡುಗೀರು ಯಾರೂ ನಿಲ್ಲಲ್ಲ. ನನ್ನ ಹೆಸರು ಮಾತ್ರ ಆಹ್ವಾನ ಪತ್ರಿಕೇಲಿ ಇರುತ್ತೆ” ಎಂದಳು. ಕೇಳಿದರೆ, ಮುಖ್ಯ ಅತಿಥಿಗಳಿಗೆ ಆ ಹೊತ್ತೇ ಅನುಕೂಲವಂತೆ.

ಜಗಳ ಬೇಡ, ಪಟ್ಟಿ ಮಾಡಿಕೊಂಡು ಹೋಗು ಎಂದೆ. ಯಾವ ಹಳ್ಳಿಯಿಂದ ಎಷ್ಟು ಹುಡುಗಿಯರು ಬರುತ್ತಾರೆ, ಅವರ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಅವಳು ನಾಲ್ಕು ದಿನ ತಿರುಗಿ ಬರೆದಳು. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಹುಡುಗಿಯರ ಹೆಸರು ಆ ಪಟ್ಟಿಯಲ್ಲಿತ್ತು. ಅದನ್ನು ನೋಡಿದ ಪ್ರಿನ್ಸಿಪಾಲರು ಕಾರ್ಯಕ್ರಮವನ್ನು ಮಧ್ಯಾಹ್ನ ಒಂದೂವರೆಗೆ ತಂದರು. ಮುಖ್ಯ ಅತಿಥಿಗಳು ಬರಲಾಗಲಿಲ್ಲ. ಅವರ ಬದಲು ಊರಿಗೆ ನೀರು ಬಿಡುವ ವಾಟರ್‌ಮನ್ ಬಂದು, ಯಾವ ಬೀದಿಯಲ್ಲಿ ಪೈಪು ಸೋರುತ್ತದೆ, ಕೆರೆಗೆ ಯಾವ ಚರಂಡಿ ಸೇರುತ್ತದೆ ಎಂದು ಅರ್ಧ ಗಂಟೆ ಹೇಳಿದರಂತೆ. ಹುಡುಗಿಯರು ಬಿಡದೆ ಪ್ರಶ್ನೆ ಕೇಳಿದರಂತೆ. ನೀರು ಹಿಡಿಯುವ ಕೈಗಳು ಅವರವೇ ತಾನೆ!

ನಮ್ಮ ಮಕ್ಕಳನ್ನು ಕಾಲೇಜಿಗೆ ಕಳಿಸುವಾಗ ಫೀಸು, ಪುಸ್ತಕ, ಬಟ್ಟೆ ಎಲ್ಲ ವಿಚಾರಿಸುತ್ತೇವೆ. ಇನ್ನೊಂದು ಮಾತನ್ನೂ ಕೇಳೋಣ: ನಿಮ್ಮ ಕಾಲೇಜಿನಲ್ಲಿ ಕಾರ್ಯಕ್ರಮದ ಹೊತ್ತನ್ನು ಗೊತ್ತು ಮಾಡುವವರು ಯಾರು? ಆ ಸಭೆಯಲ್ಲಿ ನೀನು ಕೂತಿದ್ದೆಯಾ, ಇಲ್ಲ ಸ್ವಾಗತಕ್ಕೆ ಆರತಿ ತಟ್ಟೆ ಹಿಡಿಯಲು ಮಾತ್ರ ಕರೆದರಾ?

ನಮ್ಮ ಶಾಲೆಯ ಎಂಟನೇ ತರಗತಿಯವರು ಈಗ ಭೂಮಿ ದಿನವನ್ನು ಜುಲೈನಲ್ಲಿ ಮಾಡುತ್ತಾರೆ. ದಿನವನ್ನು ಅವರೇ ಕೂತು ಗೊತ್ತು ಮಾಡಿದ್ದು. ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಗೋಡೆಯ ಮೇಲಿನ ಪಟ ನೋಡಿ, ತಾರೀಖು ತಪ್ಪಿದೆಯಲ್ಲಮ್ಮ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ತಪ್ಪಿಲ್ಲ ಸರ್. ಮಿಷಿಗನ್‌ನೋರೂ ಮಾರ್ಚಲ್ಲಿ ಮಾಡಿದ್ರು” ಎಂದಳು.